ಕಾಲು ಎಚ್ಪಿ ಗಾಡಿ

ಸ್ಕೂಟಿಯ ಮುಂದೆ ಇಟ್ಟುಕೊಂಡು ಆ ಕಂಪ್ಯೂಟರನ್ನು ನಾನು ತೋಟದ ಮನೆಗೆ ತಂದ ದಿನ, ನಮ್ಮ ಅತ್ತೆ ಬೋರವ್ವ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದೇನವಾ ರಾಜಶ್ರೀ, ರೊಟ್ಟಿ ಡಬ್ಬಿ ತಂದಿಯೇನು?" ಎಂದರು. ಅವರದೇನೂ ತಪ್ಪಿಲ್ಲ. ಪೆಟ್ಟಿಗೆ ಇದ್ದದ್ದೇ ಅಷ್ಟು, ನಾಲ್ಕು ಬೆರಳು ದಪ್ಪ. ಯಾವುದೋ ಆಫೀಸಿನವರು ಹಳೆಯದಾಯಿತೆಂದು ಹೊರಗೆ ಹಾಕಿದ್ದನ್ನು ತಂದು, ಮುಧೋಳ ಬಸ್ ಸ್ಟ್ಯಾಂಡ್ ಎದುರಿನ ನನ್ನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಅರ್ಜಿ, ಬಾಂಡು, ಲಗ್ನಪತ್ರಿಕೆ ಟೈಪ್ ಮಾಡಲು ಇಟ್ಟುಕೊಂಡಿದ್ದೆ. ಅಂಗಡಿಯ ಕೆಲಸ ಕೆಡಿಸದೆ ಮನೆಗೆ ತರಬಹುದಾದದ್ದು ಅದೊಂದೇ.

"ರೊಟ್ಟಿ ಡಬ್ಬಿ ಅಲ್ರೀ ಅತ್ತಿ, ಟ್ರ್ಯಾಕ್ಟರ್," ಎಂದೆ. "ಮಾವಾರು ಇದರಾಗ ಟ್ರ್ಯಾಕ್ಟರ್ ಹೊಡೀತಾರ."

ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಗಿರ ಬಂದಿದೆಯೋ ಎಂದು.

ನಮ್ಮ ಮಾವ ಚನಮಲ್ಲಪ್ಪನವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಟ್ರ್ಯಾಕ್ಟರ್ ಹೊಡೆದವರು. ಚಿಕ್ಕಪಡಸಲಗಿಯಲ್ಲಿ ರೈತರೇ ಸೇರಿ ಹೊಳೆಗೆ ಒಡ್ಡು ಕಟ್ಟುವಾಗ ಎರವಲು ಗಾಡಿಯಲ್ಲಿ ಕಲ್ಲು ಹೊತ್ತು ಕಲಿತರಂತೆ. ಆಮೇಲೆ ಸ್ವಂತದ್ದು ತಗೊಂಡು ಪ್ರತಿ ಹಂಗಾಮಿಗೂ ಕಾರ್ಖಾನೆಗೆ ಕಬ್ಬು ಹೇರಿದರು. ದೊಡ್ಡ ದನಿ, ದೊಡ್ಡ ಮೀಸೆ. ಮನೆಯಲ್ಲಿ ಅವರು ಮಾತಾಡಿದರೆ ಬಾವಿಯ ಆಚೆ ಇದ್ದವರೂ "ಏನ್ರೀ?" ಎನ್ನುತ್ತಿದ್ದರು. ಎರಡು ಸಾವಿರದ ಹನ್ನೆರಡರ ದೀಪಾವಳಿ ಮುಗಿದು, ಕಾರ್ಖಾನೆ ಚಾಲೂ ಆದ ವಾರದಲ್ಲೇ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು. ಎಡಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಇಡುವಷ್ಟಾದರು. ಆದರೆ ಎಡಗೈ ಮಲಗಿಬಿಟ್ಟಿತು.

ಮಾತು ಹೋಗಿರಲಿಲ್ಲ. ಅವರೇ ಆಡುವುದನ್ನು ಬಿಟ್ಟಿದ್ದರು. "ಊಟಾ ಮಾಡ್ತೀರೇನ್ರಿ?" ಎಂದರೆ "ಹೂಂ", "ಸಾಕೇನ್ರಿ?" ಎಂದರೆ "ಹೂಂ". ಅತ್ತೆ ಎಣ್ಣೆ ಬಿಸಿ ಮಾಡಿ ಎಡಗೈ ತಿಕ್ಕಲು ಹೋದರೆ, ಬಲಗೈಯಿಂದ ಆ ಕೈಯನ್ನು ಎತ್ತಿ ಟವೆಲ್ಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಯಾರದೋ ಕೈಯನ್ನು ಬಚ್ಚಿಟ್ಟಂತೆ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಡಾಕ್ಟರು ಗುರುಸಿದ್ದನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. "ಇನ್ನೊಂದೆರಡು ತಿಂಗಳದಾಗ ಆ ಕೈನ ಕೆಲಸಕ್ಕ ಹಚ್ಚಿದ್ರ ಬಂದೀತು. ಸುಮ್ನ ಇಟ್ರ ಹಂಗ ಉಳೀತೈತಿ. ಔಷಧ ನಾ ಕೊಡ್ತೀನಿ. ಮನಸ್ಸು ಎಲ್ಲಿಂದ ತರ್ಲಿ?" ಗುರುಸಿದ್ದ ನನ್ನ ಗಂಡ. ಅವನು ಅಲ್ಲೇ ಕಟ್ಟೆಯ ಮೇಲೆ ಕುಂತು ಅತ್ತುಬಿಟ್ಟ. ನಾನು ಅಳುವ ಜಾತಿಯಲ್ಲ, ಬೈಯುವ ಜಾತಿ. ದಾರಿಯುದ್ದಕ್ಕೂ ಅವನನ್ನು ಬೈದೆ, ಅಳಬೇಡ ಎಂದು.

ನನಗೆ ಯೋಚನೆ ಹೊಳೆದದ್ದು ಮಾವನವರ ಬಲಗಾಲಿನಿಂದ. ಗುರುಸಿದ್ದ ಬೆಳಿಗ್ಗೆ ಟ್ರ್ಯಾಕ್ಟರ್ ತೆಗೆಯುವಾಗ ಅವರು ಪಡಸಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಂತಿರುತ್ತಿದ್ದರು. ಗಾಡಿ ಕಾಲುವೆಯ ತಿರುವಿಗೆ ಹೋಗುತ್ತಲೇ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಮಗ ಬ್ರೇಕ್ ಹಿಡಿಯುವುದು ತಡ ಮಾಡುತ್ತಾನೆ ಎಂದು ಇವರು ಇಲ್ಲಿಂದಲೇ ಹಿಡಿಯುತ್ತಿದ್ದರು! ಮೂರು ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಮೂರು ದಿನವೂ ಒತ್ತಿದರು. ಮನಸ್ಸು ಎಲ್ಲಿಯೂ ಹೋಗಿಲ್ಲ, ಗಾಡಿಯ ಮೇಲೇ ಕುಂತಿದೆ ಎಂದುಕೊಂಡೆ.

ಅಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬಂದ ಡಿವಿಡಿಗಳ ರಾಶಿಯಿತ್ತು. ಒಂದರಲ್ಲಿ ಟ್ರ್ಯಾಕ್ಟರ್ ಹೊಡೆಯುವ ಆಟ ಇದ್ದದ್ದು ನೆನಪಿತ್ತು. ಹೊಲ ಉಳಬಹುದು, ಟ್ರ್ಯಾಲಿ ಕಟ್ಟಿಕೊಂಡು ರಸ್ತೆಗೆ ಹೋಗಬಹುದು. ಜಮಖಂಡಿಯಲ್ಲಿ ಮುಚ್ಚಿಹೋದ ವಿಡಿಯೊ ಗೇಮ್ ಅಂಗಡಿಯಿಂದ ಸ್ಟೇರಿಂಗು, ಬ್ರೇಕು, ಎಕ್ಸಲೇಟರ್ ಇರುವ ಒಂದು ಸೆಟ್ ತಂದೆ. ಮೇಜಿಗೆ ಬಿಗಿದೆ. ಡಿವಿಡಿ ಹಾಕಿದೆ. ಪೆಟ್ಟಿಗೆ ಗುರ್ರೆಂದು, ತೆರೆ ಕಪ್ಪಾಗಿ, ನಿಂತುಬಿಟ್ಟಿತು. ಅದರ ಹೊಟ್ಟೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಅರ್ಜಿ ಟೈಪ್ ಮಾಡಲು ಬೇಕಾದಷ್ಟು ಚಿತ್ರ ಬಿಡಿಸುತ್ತಿತ್ತು, ಓಡುವ ಗಾಡಿ, ತಿರುಗುವ ಗಾಲಿ ಬಿಡಿಸುವ ಶಕ್ತಿ ಇರಲಿಲ್ಲ.

"ಅಪ್ಪ ಏನ್ ಸಣ್ಣ ಕೂಸೇನು, ಆಟಾ ಆಡಾಕ?" ಎಂದ ಗುರುಸಿದ್ದ.

"ನಿಮಗ ಬ್ಯಾರೆ ಏನರ ಹೊಳದೈತೇನ್ರಿ?" ಎಂದೆ.

ಇಲ್ಲಿ ನಾನು ದಡ್ಡತನ ಮಾಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿರಿ ಎಂದು ಗಿರಾಕಿಗಳಿಗೆ ಹೇಳುವವಳು ನಾನೇ. ಆದರೆ ಮಾವನವರಿಗೆ ಎಂದರೆ ದೊಡ್ಡದೇ ಇರಲಿ ಅನಿಸಿತು. ಬೆಳಗಾವಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದೆ. ಇಟ್ಟಂಗಿಯಂಥದು, ಬೆನ್ನಿಗೆ ಫ್ಯಾನು. ಪೆಟ್ಟಿಗೆಯ ಮುಚ್ಚಳ ಹಾಕಲೇ ಆಗಲಿಲ್ಲ, ಅರ್ಧ ಹೊರಗೆ ನಿಂತಿತು. ಚಾಲೂ ಮಾಡಿದರೆ ಫ್ಯಾನು ಒಂದು ಸುತ್ತು ತಿರುಗಿ ಎಲ್ಲ ಆರಿ ಹೋಗುತ್ತಿತ್ತು. ಪವರ್ ಸಪ್ಲೈ ಮೇಲಿನ ಚೀಟಿ ನೋಡಿದೆ. ನೂರಾ ಅರವತ್ತು ವ್ಯಾಟ್. ಈ ಕಾರ್ಡಿಗೆ ಬೇರೆಯೇ ಒಂದು ವೈರ್ ಬೇಕು, ಹನ್ನೆರಡು ವೋಲ್ಟಿನದು. ಆ ವೈರ್ ಈ ಪೆಟ್ಟಿಗೆಯಲ್ಲಿ ಇರಲೂ ಇಲ್ಲ, ಇದ್ದಿದ್ದರೂ ಅಷ್ಟು ಕರೆಂಟು ಕೊಡುವ ತಾಕತ್ತು ಅದಕ್ಕಿರಲಿಲ್ಲ. ನಾನು ತಲೆ ಹಿಡಿದುಕೊಂಡು ಕುಂತೆ.

ಗುರುಸಿದ್ದ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಎಷ್ಟ ವೋಲ್ಟ್ ಅಂದಿ?"

"ಹನ್ನೆರಡು."

"ಹನ್ನೆರಡಂದ್ರ ನಮ್ಮ ಟ್ರ್ಯಾಕ್ಟರ್ ಬ್ಯಾಟರಿ ಅಲ್ಲೇನ?"

ಒಬ್ಬರ ಮುಖ ಒಬ್ಬರು ನೋಡಿದೆವು. ಮುಂದಿನದು ಎಲ್ಲಿಯೂ ಯಾರೂ ಮಾಡಿರಲಿಕ್ಕಿಲ್ಲ. ಟ್ರ್ಯಾಕ್ಟರನ್ನು ಕಿಟಕಿಗೆ ಹಚ್ಚಿ ನಿಲ್ಲಿಸಿದ. ಬ್ಯಾಟರಿಯಿಂದ ದಪ್ಪ ವೈರ್ ಕಿಟಕಿಯ ಸರಳಿನೊಳಗೆ ಎಳೆದು, ಪ್ಲಸ್ಸನ್ನು ಕಾರ್ಡಿಗೆ, ಮೈನಸ್ಸನ್ನು ಪೆಟ್ಟಿಗೆಯ ತಗಡಿಗೆ ಕೂಡಿಸಿದೆವು. ನಾನು ಮನಸ್ಸಿನಲ್ಲೇ ಮನೆದೇವರಿಗೆ ಒಂದು ಕಾಯಿ ಹೇಳಿಕೊಂಡು ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ತೆರೆಯ ಮೇಲೆ ಹಸಿರು ಹೊಲ, ಮೋಡ, ಕೆಂಪು ಟ್ರ್ಯಾಕ್ಟರ್! ಎಲೆ ಎಲೆಗೂ ನೆರಳು ಬಿದ್ದಿತ್ತು.

"ಅಯ್ಯ ಶಿವನ!" ಎಂದರು ಅತ್ತೆ, ಕೈಯಲ್ಲಿದ್ದ ಹಿಟ್ಟಿನ ಬುಟ್ಟಿ ಸಮೇತ.

ಮಾವನವರನ್ನು ಕರೆತಂದು ಮೇಜಿನ ಮುಂದೆ ಕೂಡಿಸಿದೆವು. ಅವರು ತೆರೆ ನೋಡಲಿಲ್ಲ, ಕಿಟಕಿಯಲ್ಲಿ ಬಂದ ವೈರ್ ನೋಡಿದರು. ಅದು ಎಲ್ಲಿಂದ ಬಂದಿದೆ ಎಂದು ಕುತ್ತಿಗೆ ಚಾಚಿ ನೋಡಿದರು. ಆಮೇಲೆ ತೆರೆ ನೋಡಿದರು. ಗುರುಸಿದ್ದ ಸ್ಟೇರಿಂಗ್ ಹಿಡಿದು ಓಡಿಸಿ ತೋರಿಸತೊಡಗಿದ. ಟ್ರ್ಯಾಲಿ ಕಟ್ಟಿದ ಗಾಡಿ ಏರು ಹತ್ತತೊಡಗಿತು. ಮಾವನವರ ಮೀಸೆ ಅಲುಗಿತು.

"ಮ್ಯಾಲಿನ ಗೇರ್‌ನ್ಯಾಗ ಏರು ಹತ್ತಸ್ತಾರೇನಲೇ, ಮಂಗ್ಯಾ! ಸರಿ ಅತ್ಲಾಗ."

ಎರಡು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಬೈಸಿಕೊಂಡ ಗುರುಸಿದ್ದನ ಮುಖ ನೋಡಬೇಕಿತ್ತು, ಬಹುಮಾನ ಬಂದವನ ಹಾಗಿತ್ತು. ಎದ್ದು ಜಾಗ ಬಿಟ್ಟ. ಮಾವನವರು ಬಲಗೈಯಿಂದ ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ದಿನಾ ಬೆಳಿಗ್ಗೆ ಗಾಡಿ ಏರುವ ಮೊದಲು ಮಾಡುತ್ತಿದ್ದ ಹಾಗೆ. ಎಡಗೈ ಟವೆಲ್ಲಿನ ಕೆಳಗೇ ಇತ್ತು. ಇರಲಿ, ನಾಳೆ ಬಂದೀತು ಎಂದುಕೊಂಡೆ.

ಗಾಡಿಯನ್ನು ಕೆಲಸಕ್ಕೆ ತೆಗೆಯದೆ ಕಿಟಕಿಗೇ ನಿಲ್ಲಿಸಿಟ್ಟಿದ್ದೆವು. ಎರಡು ದಿನ ಸಂಜೆ ಓಡಿಸಿದರು. "ಇದ್ಯಾವ ಊರವಾ, ದಾರ್ಯಾಗ ಒಂದು ನರಪಿಳ್ಳೆ ಇಲ್ಲ, ಒಂದು ಎಮ್ಮಿ ಅಡ್ಡ ಬರವಲ್ದು?" ಎಂದು ನನ್ನನ್ನು ಕೇಳಿದರು. ರಾತ್ರಿ ಊಟಕ್ಕೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಅತ್ತೆ ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ.

ಮೂರನೆಯ ಸಂಜೆ ತೆರೆ ಮಿಣುಕಿತು. ಗೆರೆ ಗೆರೆ ಬಂತು. ಮಾವನವರು ತೆರೆಯನ್ನು ನೋಡಿದರು, ಕಿಟಕಿಯ ಕಡೆ ನೋಡಿದರು. ತಮಗೆ ಚೆನ್ನಾಗಿ ಗೊತ್ತಿದ್ದ ರೋಗ ಅದು.

"ಬ್ಯಾಟರಿ ಇಳದೈತಿ. ಲೇ ಗುರ್ಯಾ! ಎಂಜಿನ್ ಚಾಲೂ ಮಾಡಲೇ, ಚಾರ್ಜ್ ಆಗತೈತಿ!"

ಆ ಹಳೆಯ ದನಿ! ಬಾವಿಯ ಆಚೆಗೂ ಕೇಳುವ ದನಿ. ದನಕ್ಕೆ ಮೇವು ಹಾಕುತ್ತಿದ್ದ ಗುರುಸಿದ್ದ ಅದನ್ನು ಕೇಳಿದ್ದೇ ತಡ, ಅಪ್ಪ ಹುಕುಂ ಮಾಡಿದರು ಎಂಬ ಖುಷಿಯಲ್ಲಿ ಓಡಿಹೋಗಿ ಗಾಡಿ ಏರಿದ. ನಾನು ಅಡುಗೆಮನೆಯಿಂದ "ಬ್ಯಾಡ್ರೀ, ಬ್ಯಾಡ, ವೈರ್ ತಗೀರಿ ಮೊದಲ!" ಎಂದು ಕೂಗುವಷ್ಟರಲ್ಲಿ ಎಂಜಿನ್ ಧಡಧಡ ಎಂದಿತು. ಗಾಡಿ ಓಡುವಾಗ ಬ್ಯಾಟರಿಗೆ ಹೋಗುವುದು ಹನ್ನೆರಡು ವೋಲ್ಟಲ್ಲ, ಹದಿನಾಲ್ಕರ ಮೇಲೆ. ಟ್ರ್ಯಾಕ್ಟರಿಗೆ ಅದು ಅನ್ನ, ಕಾರ್ಡಿಗೆ ವಿಷ. ಚಟ್ ಎಂದಿತು. ಸುಟ್ಟ ವಾಸನೆ ಬಂತು, ಒಂದು ಎಳೆ ಹೊಗೆ ಎದ್ದಿತು, ತೆರೆ ಕಪ್ಪಾಯಿತು.

ನಾನು ಅಂಗಳಕ್ಕೆ ಹೋಗಿ ಗಂಡನನ್ನು ಹಿಗ್ಗಾಮುಗ್ಗಾ ಬೈದೆ. "ತಲ್ಯಾಗ ಏನೈತ್ರೀ ನಿಮಗ, ಕಬ್ಬಿನ ಸಿಪ್ಪೇನು? ಇಷ್ಟ ದಿನದ ಕೆಲಸ ಒಂದ ಗಳಿಗ್ಯಾಗ ಸುಟ್ಟು ಬೂದಿ ಮಾಡಿದ್ರಿ! ಹೇಳಿದವರಿಗೆ ಬುದ್ಧಿ ಇಲ್ಲಂದ್ರ ಕೇಳಿದವರಿಗಾದ್ರೂ ಬ್ಯಾಡೇನು?"

ಆ ಕೊನೆಯ ಮಾತು ಹೊರಗೆ ಬಿದ್ದ ಮೇಲೆ ನನಗೇ ಕೇಳಿಸಿತು. ಹಿಂದೆ ತಿರುಗಿದೆ. ಮಾವನವರು ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಅಂವಗ ಬೈಬ್ಯಾಡ," ಎಂದರು. "ಹೇಳಿದಾಂವ ನಾನು."

ಹೋಗಿ ಮಲಗಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ನಾಲಗೆಯನ್ನು ನಾನೇ ಕಿತ್ತು ಕೊಡುವಂತಿದ್ದರೆ ಆ ಹೊತ್ತು ಕೊಡುತ್ತಿದ್ದೆ.

ಮರುದಿನದಿಂದ ಮತ್ತೆ "ಹೂಂ". ಒಂದು ರೊಟ್ಟಿ, ಅದರಲ್ಲೂ ಅರ್ಧ ತಾಟಿನಲ್ಲಿ. ಗುರುಸಿದ್ದ ಗಾಡಿ ತೆಗೆಯುವಾಗ ನೋಡಿದೆ. ಬಲಗಾಲು ಕೂಡ ಅಲುಗಲಿಲ್ಲ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಗುರುಸಿದ್ದನಂತೂ ಊಟಕ್ಕೆ ಬಂದು ಊಟ ಮಾಡಿ ಎದ್ದು ಹೋಗುತ್ತಿದ್ದ. ಐದು ದಿನ ಹೀಗೇ ಹೋಯಿತು.

ಆರನೆಯ ದಿನ ಅಮಾವಾಸ್ಯೆ, ಅಂಗಡಿ ಮುಚ್ಚಿದ್ದೆ. ಪೆಟ್ಟಿಗೆಯನ್ನು ಪಡಸಾಲೆಗೆ ತಂದು, ಮಾವನವರ ಕುರ್ಚಿಯ ಹತ್ತಿರವೇ ನೆಲದ ಮೇಲೆ ಕುಂತು, ಸುಟ್ಟ ಕಾರ್ಡ್ ಬಿಚ್ಚತೊಡಗಿದೆ. ಒಳಗಿನ ಧೂಳು ಒರೆಸಿದೆ. ಪೆಟ್ಟಿಗೆ ಬದುಕಿತ್ತು, ಸತ್ತದ್ದು ಕಾರ್ಡ್ ಮಾತ್ರ. ತಲೆ ಎತ್ತದೆ ಹೇಳಿದೆ.

"ಮಾವಾರ, ತಪ್ಪು ನಂದು. ನೀವು ಹೇಳಿದ್ದು ಟ್ರ್ಯಾಕ್ಟರಿಗೆ ಖರೇನ ಐತಿ. ಇಪ್ಪತ್ತು ವರ್ಷದ ಮ್ಯಾಲೆ ಗಾಡಿ ಹೊಡದವರು ಯಾರಾದ್ರೂ ಅದನ್ನ ಹೇಳ್ತಿದ್ರು. ಈ ಪೆಟ್ಟಿಗಿ ಹಣೆಬರಹ ನನಗ ಗೊತ್ತಿತ್ತು, ನಾ ನಿಮಗ ಹೇಳಿರ್ಲಿಲ್ಲ. ಮ್ಯಾಲೆ ಬಾಯಿಗೆ ಬಂದಂಗ ಬೈದೆ. ನನಗ ಸಿಟ್ಟು ಬಂದ್ರ ಕಣ್ಣು ಕಾಣೂದಿಲ್ರಿ. ಹೊಟ್ಟ್ಯಾಗ ಹಾಕ್ಕೋರಿ."

ನಾನು ಸ್ಕ್ರೂ ತಿರುಗಿಸುತ್ತಾ ಇದ್ದೆ. ಕಣ್ಣು ಮಂಜಾಗಿ ಸ್ಕ್ರೂ ಕಾಣುತ್ತಿರಲಿಲ್ಲ. ಅಳುವ ಜಾತಿಯಲ್ಲ ಎಂದು ಹೇಳಿದೆನಲ್ಲ, ಅದು ಸುಳ್ಳಾಯಿತು. ಕುರ್ಚಿಯ ಮೇಲಿನಿಂದ ಮಾತು ಬಂತು.

"ಅದರ ತಾಕತ್ತ ಎಷ್ಟು?"

"ಯಾದರದ್ರಿ?"

"ಆ ಪೆಟ್ಟಿಗೀದು."

"ನೂರಾ ಅರವತ್ತು ವ್ಯಾಟ್ರಿ."

"ಅದೆಲ್ಲಾ ನನಗ ತಿಳಿಯೂದಿಲ್ಲ. ಎಚ್ಪಿ ಒಳಗ ಹೇಳು."

ನಾನು ಮೊಬೈಲಿನಲ್ಲಿ ಲೆಕ್ಕ ಮಾಡಿದೆ. ಒಂದು ಎಚ್ಪಿ ಎಂದರೆ ಏಳುನೂರಾ ನಲವತ್ತಾರು ವ್ಯಾಟ್. "ಕಾಲು ಎಚ್ಪಿನೂ ಇಲ್ರಿ, ಮಾವಾರ."

"ಎಷ್ಟು?"

"ಕಾಲು. ಅದಕ್ಕೂ ತುಸು ಕಮ್ಮಿ."

ಮಾವನವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಮೀಸೆ. ಲಕ್ವಾ ಹೊಡೆದ ಮೇಲೆ ಅವರ ನಗು ಒಂದು ಕಡೆಗೆ ವಾಲುತ್ತಿತ್ತು, ಆದರೂ ಅದು ನಗುವೇ. "ಕಾಲು ಎಚ್ಪಿ ಗಾಡಿಗೆ ಎರಡು ಟ್ರ್ಯಾಲಿ ಕಬ್ಬು ಹೇರಿದೇನವಾ, ತಾಯಿ! ಮ್ಯಾಲೆ ನನ್ನ ಮಗನ್ನ ಬೈತಿ!"

ಒಳಗಿನಿಂದ ಅತ್ತೆ ಓಡಿ ಬಂದರು. ನಾನು ಅಳುತ್ತಾ ನಗುತ್ತಿದ್ದೆ. ಅವರಿಗೆ ಏನೂ ತಿಳಿಯಲಿಲ್ಲ, ಆದರೂ ನಕ್ಕರು.

"ಗಾಡಿಗೆ ತಕ್ಕ ಹೇರು ಹೇರಬೇಕವಾ," ಎಂದರು ಮಾವ, ನಗು ಇಳಿದ ಮೇಲೆ. "ಮುಕ್ಕಾಲು ಟ್ರ್ಯಾಲಿ ಹೇರು. ಸಾವಕಾಶ ಹೋದ್ರೇನಾತು, ಕಾರ್ಖಾನಿ ಮುಟ್ಟತೈತಿ. ಮೂಗಿನ ಮಟ ಹೇರಿ ದಾರ್ಯಾಗ ಸ್ಪ್ರಿಂಗಿನ ಪಾಟಾ ಮುರಕೊಂಡು ನಿಂತವರನ್ನ ಎಷ್ಟು ಮಂದೀನ ನೋಡೀನಿ."

ಮರುದಿನವೇ ವಿಜಯಪುರದ ಅಂಗಡಿಗೆ ಫೋನ್ ಮಾಡಿದೆ. ಅರ್ಧ ಎತ್ತರದ ಕಾರ್ಡ್ ಬೇಕು, ಫ್ಯಾನ್ ಬೇಡ, ಹೊರಗಿನ ವೈರ್ ಬೇಡ, ಕೂಡಿಸಿದ ಜಾಗದಿಂದಲೇ ಎಷ್ಟು ಕರೆಂಟು ಸಿಗುತ್ತದೋ ಅಷ್ಟರಲ್ಲೇ ಜೀವ ಹಿಡಿಯುವಂಥದ್ದು ಕೊಡಿ ಎಂದೆ. ಅಂಗಡಿಯವ, "ಮೇಡಮ್, ಅದರಾಗ ಆಟ ಛಲೋ ಕಾಣೂದಿಲ್ರಿ," ಎಂದ. "ಎಷ್ಟು ಕಾಣ್ತದೋ ಅಷ್ಟು ಕಾಣ್ಲಿ, ನೀ ಕಳಸು ತಮ್ಮಾ," ಎಂದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು, ಬಿಸ್ಕಿಟ್ ಪುಡಿಕೆಯಷ್ಟು. ಪೆಟ್ಟಿಗೆಯೊಳಗೆ ಸುಮ್ಮನೆ ಕುಂತಿತು. ಮುಚ್ಚಳ ಹಾಕಿದೆ, ಮುಚ್ಚಿಕೊಂಡಿತು.

ಆಟದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಇಳಿಸಿದೆ. ನೆರಳು ತೆಗೆದೆ. ಮೋಡ ತೆಗೆದೆ. ಗಿಡಗಳಿಗೆ ಎಲೆ ಕಡಿಮೆ ಮಾಡಿದೆ. ದೂರದ ಹೊಲ ಹತ್ತಿರ ಹೋದ ಮೇಲೆ ಮಾತ್ರ ಕಾಣುವಂತೆ ಮಾಡಿದೆ. ಕೊನೆಗೆ ಉಳಿದದ್ದು ಒಂದು ದಾರಿ, ಒಂದು ಗಾಡಿ, ಬರೀ ನೀಲಿ ಆಕಾಶ. ಆದರೆ ಓಡಿತು. ನಿಲ್ಲಲಿಲ್ಲ, ಮಿಣುಕಲಿಲ್ಲ. ಮಾವನವರು ಕುಂತು ಸುತ್ತಮುತ್ತ ನೋಡಿ, "ಬ್ಯಾಸಗಿ ಬಂತೇನು, ಗಿಡದ ಎಲಿ ಎಲ್ಲಾ ಉದರ್ಯಾವಲ್ಲ," ಎಂದರು. "ಹೌದ್ರಿ, ಶಿವರಾತ್ರಿ ಮುಗದೈತಿ ಅಲ್ಲಿ," ಎಂದೆ. ಬಲಗೈಯಲ್ಲಿ ಸಾವಕಾಶ ಓಡಿಸಿದರು.

ಆ ವಾರದಲ್ಲೇ ಒಂದು ಸಂಜೆ. ಗುರುಸಿದ್ದ ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಕೈಕಾಲು ತೊಳೆಯುತ್ತಿದ್ದ. ನಾನು ಮಾವನವರ ಪಕ್ಕದಲ್ಲಿ ಕುಂತಿದ್ದೆ. ಆಟದಲ್ಲಿ ಟ್ರ್ಯಾಲಿಯನ್ನು ಹಿಂದೆ ಹಿಂದೆ ಹಾಕಿಕೊಂಡು ಒಂದು ಶೆಡ್ಡಿನೊಳಗೆ ನಿಲ್ಲಿಸಬೇಕಿತ್ತು. ಟ್ರ್ಯಾಲಿ ಕಟ್ಟಿದ ಗಾಡಿ ಹಿಂದೆ ತೆಗೆಯುವುದು ಒಂದು ಕೈಯ ಕೆಲಸವಲ್ಲ. ಎಡಕ್ಕೆ ಪೂರ್ತಿ ಎಳೆದು, ತಕ್ಷಣ ಬಲಕ್ಕೆ ಬಿಟ್ಟು, ಮತ್ತೆ ಎಡಕ್ಕೆ ಹಿಡಿಯಬೇಕು. ಬಲಗೈ ಒಂದೇ ಆ ಜಗ್ಗಾಟಕ್ಕೆ ಸಾಲಲಿಲ್ಲ. ಟ್ರ್ಯಾಲಿ ಮಡಚಿಕೊಂಡು ಗೋಡೆಗೆ ಬಡಿಯಿತು. ಮುಂದೆ ತಂದು ಮತ್ತೆ ಹಾಕಿದರು. ಮತ್ತೆ ಬಡಿಯಿತು. ಮೂರನೆಯ ಸಲ ಬಡಿದಾಗ ಅವರು ಸ್ಟೇರಿಂಗ್ ಬಿಟ್ಟರು.

ಮುಗಿಯಿತು, ಎದ್ದು ಹೋಗುತ್ತಾರೆ, ನಾಳೆಯಿಂದ ಮತ್ತೆ "ಹೂಂ" ಎಂದುಕೊಂಡೆ. "ನಾ ಹಿಡೀಲೇನ್ರಿ?" ಎನ್ನಬೇಕೆಂದವಳು ನಾಲಗೆ ಕಚ್ಚಿಕೊಂಡೆ. ಬಾಗಿಲಲ್ಲಿ ಗುರುಸಿದ್ದ ತಂಬಿಗೆ ಹಿಡಿದುಕೊಂಡು ಹಾಗೇ ನಿಂತಿದ್ದ.

ಮಾವನವರು ಎದ್ದು ಹೋಗಲಿಲ್ಲ. ಅಡುಗೆಮನೆಯ ಕಡೆ ಮುಖ ತಿರುಗಿಸಿದರು.

"ಏ, ಇಲ್ಲೆ ಬಾ ತುಸು," ಎಂದರು. "ನನಗ ಎಡಗೈ ಕಮ್ಮಿ ಬಿದ್ದೈತಿ."

ಆ ಮಾತು ಅವರು ಯಾರಿಗೂ ಹೇಳಿರಲಿಲ್ಲ. ಧೋತರ ಉಡಿಸುವಾಗಲೂ, ಸ್ನಾನ ಮಾಡಿಸುವಾಗಲೂ, ಒಂದು ದಿನವೂ ಬಾ, ಹಿಡಿ ಎಂದವರಲ್ಲ. ನಾವೇ ಹೋಗಿ ಮಾಡುತ್ತಿದ್ದೆವು, ಅವರು ಗೋಡೆ ನೋಡುತ್ತಿದ್ದರು. ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದರು.

"ನನಗೇನ್ ಗಾಡಿ ಹೊಡ್ಯಾಕ ಬರತೈತ್ರಿ?"

"ಬರೂದ ಬ್ಯಾಡ. ಕುಂದ್ರು. ಅಲ್ಲೆ ಹಿಡಿ. ನಾ ಹೇಳಿದಂಗ ತಿರುವು."

ನಾನು ಎದ್ದು ನನ್ನ ಸ್ಟೂಲು ಬಿಟ್ಟುಕೊಟ್ಟೆ. ಅತ್ತೆ ಅವರ ಎಡಕ್ಕೆ ಕುಂತು, ಕಾದ ಹಂಚು ಮುಟ್ಟುವವರ ಹಾಗೆ ಅಂಜುತ್ತಾ ಸ್ಟೇರಿಂಗಿನ ಎಡಭಾಗ ಹಿಡಿದರು. ಮಾವನವರು ಬಲಗೈಯಿಂದ ತಮ್ಮ ಎಡಗೈಯನ್ನು ಟವೆಲ್ಲಿನ ಕೆಳಗಿನಿಂದ ಎತ್ತಿ ತೆಗೆದರು. ಅತ್ತೆಯ ಕೈಯ ಮೇಲೆ ಇಟ್ಟರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವರ ಮುಂಗೈ ಸುತ್ತ ಮಡಚಿದರು. ಆಮೇಲೆ ಗಾಡಿ ಹಿಂದೆ ತೆಗೆದರು.

"ಎಡಕ್ಕ ಜಗ್ಗು. ಇನ್ನೂ. ಸಾಕು, ಬಿಡು. ಬಿಡು ಅಂದ್ನಿ! ಹಾಂ. ಈಗ ಎಡಕ್ಕ. ಗಟ್ಟಿ."

"ಗಟ್ಟೀನ ಹಿಡದೀನ್ರಿ."

"ಹಿಂದ ನೋಡು. ಗ್ವಾಡಿ ಬಂತು, ಗ್ವಾಡಿ ಬಂತು, ಜಗ್ಗು!"

ಇಬ್ಬರೂ ತೆರೆಯ ಕಡೆ ಬಗ್ಗಿದ್ದರು. ಟ್ರ್ಯಾಲಿ ಶೆಡ್ಡಿನ ಬಾಗಿಲಲ್ಲಿ ಸೊಟ್ಟಗಾಗಿ, ಸರಿಯಾಗಿ, ಒಳಗೆ ಹೋಗತೊಡಗಿತು. ಆಗ ಅತ್ತೆ ತೆರೆಯಿಂದ ಕಣ್ಣು ತೆಗೆಯದೆ, ಬಹಳ ಸಹಜವಾಗಿ, ಸ್ವಲ್ಪ ಬೇಸರದಿಂದಲೇ ಹೇಳಿದರು.

"ಬಳಿ ಒತ್ತಾಕತ್ತಾವ್ರೀ, ಕೈ ನೋಯ್ತೈತಿ. ತುಸು ಸಡ್ಲ ಹಿಡೀರಿ."

ಹೇಳಿದ ಮೇಲೆ ಅವರಿಗೇ ಅರ್ಥವಾಯಿತು. ಬಾಗಿಲಲ್ಲಿ ತಂಬಿಗೆಯ ನೀರು ಗುರುಸಿದ್ದನ ಕಾಲ ಮೇಲೆ ಸುರಿಯುತ್ತಿತ್ತು. ಮಾವನವರು ತಲೆ ಬಗ್ಗಿಸಿ ಆ ಎಡಗೈಯನ್ನು ನೋಡಿದರು, ಅದರ ಬೆರಳುಗಳನ್ನು ನೋಡಿದರು. ಸಡಿಲ ಬಿಡಲಿಲ್ಲ.